ಕಿಂಗ್‌ಸ್ಟನ್ ಡಬ್ ಕ್ಲಬ್ ರಿವ್ಯೂ: ರೆಗೇ ಅಂದ್ರೆ ಬರೀ ಟೀ ಶರ್ಟ್ ಅಂದ್ಕೊಂಡಿರೋ ಹುಡುಗ್ರನ್ನ ಇಲ್ಲಿಗೆ ಕರ್ಕೊಂಡು ಹೋಗಿ

ಜಮೈಕಾಗೆ ಹೋಗೋ ನಮ್ಮೋರು ಸಾಮಾನ್ಯವಾಗಿ ಮಾಂಟೆಗೋ ಬೇನಲ್ಲಿ ಇಳ್ದು, ರೆಸಾರ್ಟಲ್ಲಿ ಬಿದ್ಕೊಂಡಿದ್ದು, ಬೀಚ್ ಫೋಟೋ ಹಾಕಿ ವಾಪಸ್ ಬರ್ತಾರೆ. ತಪ್ಪೇನಿಲ್ಲ. ಆದ್ರೆ ಹಾಡು ಕೇಳ್ಬೇಕು ಅನ್ನೋ ಆಸೆ ಇದ್ರೆ ಕಿಂಗ್‌ಸ್ಟನ್‌ಗೇ ಹೋಗ್ಬೇಕು, ಅದೂ ಭಾನುವಾರ ರಾತ್ರಿ ಅಲ್ಲಿರೋ ಹಂಗೆ ಪ್ಲಾನ್ ಮಾಡ್ಕೋಬೇಕು, ಯಾಕಂದ್ರೆ ಡಬ್ ಕ್ಲಬ್ ನಡೆಯೋದು ಭಾನುವಾರ ರಾತ್ರಿ. ಹೆಸರು ಕೇಳಿ ಎಸಿ, ಲೇಸರ್ ಲೈಟು, ಬೌನ್ಸರ್ ಇರೋ ಜಾಗ ಅಂದ್ಕೋಬೇಡಿ. ಊರಿಂದ ಮೇಲೆ ಜ್ಯಾಕ್ಸ್ ಹಿಲ್ ಅಂತ ಒಂದು ಗುಡ್ಡ, ಅಲ್ಲಿ ಸ್ಕೈಲೈನ್ ಡ್ರೈವ್ ಅನ್ನೋ ರೋಡಲ್ಲಿ ಒಂದು ಮನೆ ಅಂಗಳ, ಅದ್ರಲ್ಲಿ ಆಳೆತ್ತರದ ಸ್ಪೀಕರ್ ಡಬ್ಬಗಳು, ಕೆಳಗಡೆ ಇಡೀ ಕಿಂಗ್‌ಸ್ಟನ್ ದೀಪ. ಇಷ್ಟೇ ಕ್ಲಬ್ಬು. ಗಾಬ್ರೆ ಸೆಲಾಸಿ ಅನ್ನೋ ರಾಸ್ತಾ (ಅಂದ್ರೆ ರಾಸ್ತಫಾರಿ ಅನ್ನೋ ಜಮೈಕಾದ ಧರ್ಮ ಪಾಲಿಸೋರು) ಇದನ್ನ ಶುರು ಮಾಡಿದ್ದು, ಅವ್ರ ಸೌಂಡ್ ಸಿಸ್ಟಮ್, ಅಂದ್ರೆ ದೊಡ್ಡ ಸ್ಪೀಕರ್ ಇಟ್ಟು ಪ್ಲೇಟ್ ಹಾಕೋ ತಂಡದ ಹೆಸ್ರು ರಾಕರ್ಸ್ ಸೌಂಡ್ ಸ್ಟೇಷನ್.

ನನ್ ಜೊತೆ ಅಕ್ಕನ ಮಗ ಬಂದಿದ್ದ, ಕಾಲೇಜ್ ಹುಡುಗ, ಫ್ಲೋರಿಡಾದಲ್ಲೇ ಬೆಳ್ದೋನು, ಕಿವೀಲಿ ಯಾವಾಗ್ಲೂ ಬ್ಯಾಡ್ ಬನ್ನಿಯ ಸ್ಪ್ಯಾನಿಶ್ ರೆಗೆಟಾನ್, ಇಲ್ಲಾಂದ್ರೆ ಡ್ರಿಲ್ ಅನ್ನೋ ರ್ಯಾಪು, ಮಧ್ಯೆ ಮಧ್ಯೆ ನಮ್ಮ ಕನ್ನಡ ರ್ಯಾಪು. ರೆಗೇ ಅಂದ್ರೆ ಅವನಿಗೆ ಒಂದೇ ಮುಖ, ಬಾಬ್ ಮಾರ್ಲಿದು. "ಮಾಮ, ಅದು ಕಾಫಿ ಶಾಪಲ್ಲಿ ಹಾಕೋ ಮ್ಯೂಸಿಕ್ ಅಲ್ವಾ" ಅಂದ. ಅವನದೇನೂ ತಪ್ಪಿಲ್ಲ ಬಿಡಿ. ಅವನ ವಯಸ್ಸಿನೋರಿಗೆ ರೆಗೇ ಸಿಕ್ಕಿರೋದೇ ಹಂಗೆ, ಹಾಸ್ಟೆಲ್ ಗೋಡೆ ಮೇಲಿನ ಪೋಸ್ಟರ್ ಆಗಿ, ಕೆಂಪು ಹಳದಿ ಹಸಿರು ಬ್ರೇಸ್‌ಲೆಟ್ ಆಗಿ, ಬೀಚ್ ಶ್ಯಾಕಲ್ಲಿ ಸಣ್ಣಗೆ ಕೇಳ್ಸೋ ಹಿನ್ನೆಲೆ ಸದ್ದಾಗಿ. ರೆಗೇಗೆ ಮುಂದೆ ಹುಡುಗ್ರು ಸಿಗ್ತಾರಾ ಅಂತ ತಲೆ ಕೆಡಿಸ್ಕೊಳೋರು ಮೊದ್ಲು ಇದನ್ನ ನೋಡ್ಬೇಕು, ಹುಡುಗ್ರಿಗೆ ಇನ್ನೂ ಆ ಸಂಗೀತ ಸರಿಯಾಗಿ ಕೇಳ್ಸೇ ಇಲ್ಲ.

ಇದು ಬರೀ ಮಾತಿಗೆ ಹೇಳ್ತಿರೋದಲ್ಲ, ಲೆಕ್ಕ ಇದೆ. ಬೇಸ್ ಗಿಟಾರಿನ ಕೆಳಗಿನ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಫೋನಿನ ಸ್ಪೀಕರಲ್ಲಿ 200 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೂಕಮ್ಮಿ ಏನೂ ಹೊರಗೆ ಬರಲ್ಲ. ಬೇರೆ ಹಾಡುಗಳಾದ್ರೆ ನಡ್ಯತ್ತೆ, ದನಿ ಕೇಳತ್ತೆ, ಗಿಟಾರ್ ಕೇಳತ್ತೆ, ಸಾಕು. ರೆಗೇಲಿ ರಾಗ ಹೇಳೋದೇ ಬೇಸು, ಗಿಟಾರು ಸುಮ್ನೆ ತಾಳದ ಪೆಟ್ಟುಗಳ ಮಧ್ಯೆ ಮಧ್ಯೆ ಚಕ್ ಚಕ್ ಅಂತಿರತ್ತೆ, ಡ್ರಮ್ಮು ಒನ್ ಡ್ರಾಪ್ ಅನ್ನೋ ತಾಳದಲ್ಲಿ ಮೊದಲನೇ ಪೆಟ್ಟನ್ನ ಖಾಲಿ ಬಿಟ್ಟು ಮೂರನೇದಕ್ಕೆ ಬೀಳತ್ತೆ. ಹಿಂಗಿರೋವಾಗ ಫೋನಲ್ಲಿ ಕೇಳೋ ಹುಡುಗನಿಗೆ ಬರೀ ಆ ಚಕ್ ಚಕ್ ಸಿಗತ್ತೆ, ಮೇನ್ ಊಟ ಅಡುಗೆಮನೇಲೇ ಉಳ್ಕೊಂಡ್ಬಿಡತ್ತೆ, ಆಮೇಲೆ ಅವನು ಬೋರು ಅಂದ್ರೆ ಯಾರನ್ನ ಬೈತೀರ.

ಬೆಳಿಗ್ಗೆ ಟೂರಿಸ್ಟ್ ಕೆಲ್ಸ ಮುಗಿಸಿದ್ವಿ, 56 ಹೋಪ್ ರೋಡ್, ಬಾಬ್ ಮಾರ್ಲಿ ಮ್ಯೂಸಿಯಂ. ಅವ್ರು ಇದ್ದ ಮನೆ ಅದು, 1976ರ ಡಿಸೆಂಬರ್ 3ನೇ ತಾರೀಕು ಬಂದೂಕು ಹಿಡ್ಕೊಂಡೋರು ನುಗ್ಗಿ ಮಾರ್ಲಿ ಮೇಲೆ ಗುಂಡು ಹಾರಿಸಿದ್ದು ಅಲ್ಲೇ, ಗೋಡೇಲಿ ಗುಂಡಿನ ತೂತು ಹಂಗೇ ಇಟ್ಟಿದ್ದಾರೆ. ಎರಡೇ ದಿನ ಬಿಟ್ಟು ಮಾರ್ಲಿ ಗಾಯ ಇಟ್ಕೊಂಡೇ ಸ್ಟೇಜ್ ಹತ್ತಿ ಹಾಡಿದ್ದ. ಮನೆ ಒಳಗಡೆ ಫೋಟೋ ತೆಗೆಯೋ ಹಂಗಿಲ್ಲ, ನಂಗೆ ಅದು ಒಳ್ಳೇದೇ ಅನ್ನಿಸ್ತು, ಎಲ್ರೂ ಫೋನ್ ಜೇಬಿಗೆ ಹಾಕಿ ಕಣ್ಣಲ್ಲಿ ನೋಡ್ತಾರೆ. ನಮ್ ಹುಡುಗ ಗುಂಡಿನ ತೂತಿನ ಹತ್ರ ಸ್ವಲ್ಪ ಹೊತ್ತು ನಿಂತ, ಮಿಕ್ಕಿದ್ದೆಲ್ಲ ಸರಸರ ಮುಗಿಸಿದ. ಅಲ್ಲಿ ಮಾರ್ಲಿಗೆ ಯಾವಾಗ್ಲೂ 36 ವರ್ಷ, ಕಥೆ 1981ಕ್ಕೆ ಮುಗಿಯತ್ತೆ, ಒಬ್ಬ ಮನುಷ್ಯನ ಮ್ಯೂಸಿಯಂ ಅಂದ್ಮೇಲೆ ಅದು ಹಂಗೇ ಇರ್ಬೇಕು ಕೂಡ. ಹೋಗಿ, ಖಂಡಿತ ಹೋಗಿ. ರೆಗೇ ಈಗ ಎಲ್ಲಿದೆ ಅನ್ನೋ ಪ್ರಶ್ನೆ ಇಟ್ಕೊಂಡು ಹೋಗ್ಬೇಡಿ ಅಷ್ಟೇ.

ಮಧ್ಯಾಹ್ನ ಡೌನ್‌ಟೌನಲ್ಲಿ ಆರೆಂಜ್ ಸ್ಟ್ರೀಟು. ಒಂದು ಕಾಲದಲ್ಲಿ ರಸ್ತೆ ತುಂಬ ರೆಕಾರ್ಡ್ ಅಂಗ್ಡಿಗಳಿದ್ವಂತೆ, ಜನ ಬೀಟ್ ಸ್ಟ್ರೀಟ್ ಅಂತಾನೇ ಕರೀತಿದ್ರು. ಈಗ ಹೆಸರು ಹೇಳಿ ಕಳಿಸ್ಬೋದಾದ್ದು ಮೆಲೋಡಿಕಾ ಊದ್ತಿದ್ದ ಆಗಸ್ಟಸ್ ಪಾಬ್ಲೋ ಕಟ್ಟಿದ ರಾಕರ್ಸ್ ಇಂಟರ್‌ನ್ಯಾಷನಲ್, ಗೋಡೆ ಉದ್ದಕ್ಕೂ 45 ಆರ್‌ಪಿಎಂ ಸಣ್ಣ ಪ್ಲೇಟುಗಳು. ಡಬ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಒಂದ್ಮಾತು: ಹಾಡಿರೋ ಪ್ಲೇಟಿನ ಇನ್ನೊಂದು ಬದೀಲಿ ಹಾಡಿನ ದನಿ ತೆಗೆದು, ಬರೀ ಬೇಸ್ ಡ್ರಮ್ ಉಳಿಸಿ, ಮಧ್ಯೆ ಎಕೋ ಬಿಟ್ಟು, ಒಮ್ಮೆಲೇ ಎಲ್ಲ ಕಟ್ ಮಾಡಿ ಮತ್ತೆ ತಂದು ಹಾಕಿ ಹೊಸ ಹಾಡೇ ಮಾಡೋದು. ಕಿಂಗ್ ಟಬ್ಬಿ ಅಂತ ರೇಡಿಯೋ ರಿಪೇರಿ, ಆಂಪ್ಲಿಫೈಯರ್ ಕೆಲ್ಸ ಮಾಡ್ತಿದ್ದ ಮನುಷ್ಯ 70ರ ದಶಕದಲ್ಲಿ ವಾಟರ್‌ಹೌಸ್ ಏರಿಯಾದ ತನ್ನ ಮನೇಲೇ ಇದನ್ನ ಕಲೆ ಮಾಡಿಟ್ಟ. ಇವತ್ತು ಎಲೆಕ್ಟ್ರಾನಿಕ್ ಮ್ಯೂಸಿಕಲ್ಲಿ ರೀಮಿಕ್ಸ್, ಡ್ರಾಪ್ ಅಂತ ಕುಣಿಯೋರೆಲ್ಲ ಒಂದ್ಸಲ ಆ ಮನೆ ಕಡೆ ಕೈ ಮುಗೀಬೇಕು.

ಸರಿ, ರಾತ್ರಿ. ಗುಡ್ಡದ ರೋಡು ಸುತ್ಕೊಂಡು ಸುತ್ಕೊಂಡು ಹೋಗತ್ತೆ, ಟ್ಯಾಕ್ಸಿಲೇ ಹೋಗಿ. ಬೇಗ ಹೋದ್ರೆ ಖಾಲಿ ಅಂಗಳದಲ್ಲಿ ನಿಂತ್ಕೋಬೇಕು, ಜನ ತುಂಬೋದು ಲೇಟಾಗಿ. ಬೇಗ ಹೋಗೋದ್ರಲ್ಲೂ ಒಂದು ಸುಖ ಇದೆ ಅನ್ನಿ, ಊರಿನ ದೀಪ ನೋಡ್ತಾ ಜ್ಯೂಸ್ ಕುಡೀಬೋದು. ಊಟ ಐಟಲ್ ಅಂತ ರಾಸ್ತಾ ಪದ್ಧತಿ ಸಸ್ಯಾಹಾರ, ಮಾಂಸ ಇಲ್ಲ, ತೆಂಗಿನಹಾಲು ಕಾಳು ತರಕಾರಿ, ಉಪ್ಪು ಕಮ್ಮಿ. ನಮ್ ಮನೆಗಳಲ್ಲಿ ವೆಜ್ ಸಿಗತ್ತೋ ಇಲ್ವೋ ಅಂತ ಕೇಳೋ ದೊಡ್ಡೋರಿಗೆ ಇದು ಗುಡ್ ನ್ಯೂಸ್, ಉಪ್ಪಿನಕಾಯಿ ಬ್ಯಾಗಲ್ಲಿದ್ರೆ ಇನ್ನೂ ಗುಡ್.

ಗಾಂಜಾ ವಾಸನೆ ಇರತ್ತೆ, ಮುಚ್ಚಿಡೋದೇನಿದೆ. 2015ರಲ್ಲಿ ಅಲ್ಲಿ ಕಾನೂನು ಬದಲಾಯ್ತು, 2 ಔನ್ಸ್ ತನಕ ಇಟ್ಕೊಂಡ್ರೆ ದಂಡ ಅಷ್ಟೇ, ಕೇಸ್ ರೆಕಾರ್ಡ್ ಆಗಲ್ಲ, ರಾಸ್ತಾಗಳಿಗೆ ಅದು ಪೂಜೆಯ ಭಾಗ. ಯಾರೂ ಬಲವಂತ ಮಾಡಲ್ಲ. ಹುಡುಗ್ರ ಜೊತೆ ಹೋಗೋರು ಮೊದ್ಲೇ ಮಾತಾಡ್ಕೊಂಡು ಹೋಗಿ.

ಸೌಂಡ್ ಬಗ್ಗೆ ಹೆಂಗ್ ಬರೀಲಿ ಗೊತ್ತಾಗ್ತಿಲ್ಲ. ನಮ್ಮೂರ ಗಣೇಶನ ಪೆಂಡಾಲ್ ಸ್ಪೀಕರ್ ಮುಂದೆ ನಿಂತಾಗ ಕಿವಿ ಹರಿಯತ್ತಲ್ಲ, ಇಲ್ಲಿ ಅಷ್ಟೇ ಜೋರು ಇದ್ರೂ ಕಿವಿ ನೋಯಲ್ಲ, ಬೇಸು ಎದೆ ಒಳಗೆ ಹೋಗತ್ತೆ, ಪಕ್ಕದೋರ ಜೊತೆ ಮಾತೂ ಆಡ್ಬೋದು, ಪ್ಯಾಂಟಿನ ಬಟ್ಟೆ ಅದುರ್ತಿರತ್ತೆ. ಸೆಲೆಕ್ಟರ್, ಅಂದ್ರೆ ಹಾಡು ಆರಿಸಿ ಹಾಕೋರು, ಒಂದೊಂದೇ ವಿನೈಲ್ ಹಾಕ್ತಾರೆ, ಒಂದಾದ್ಮೇಲೆ ಒಂದು, ಮಧ್ಯೆ ಮೈಕಲ್ಲಿ ಮಾತು, ಸೈರನ್ ಸದ್ದು, ಜನಕ್ಕೆ ಇಷ್ಟ ಆದ್ರೆ ಕೂಗ್ತಾರೆ, ಆಗ ಸೂಜಿ ಎತ್ತಿ ಅದೇ ಹಾಡು ಮೊದಲಿಂದ. ಒಂದೇ ರಿದಂ, ಅಂದ್ರೆ ಅದೇ ಬೇಸ್ ಡ್ರಮ್ ಟ್ರ್ಯಾಕ್ ಮೇಲೆ ನಾಲ್ಕೈದು ಜನ ಬೇರೆ ಬೇರೆ ಹಾಡು ಹಾಡಿರೋದನ್ನ ಸಾಲಾಗಿ ಹಾಕ್ತಾರೆ, ಅದಂತೂ ಮಜಾ, ಅದೇ ನೆಲದ ಮೇಲೆ ಬೇರೆ ಬೇರೆ ಮನೆ ಏಳ್ತಿರೋದು ಗೊತ್ತಾಗತ್ತೆ.

ಅಕ್ಕನ ಮಗ ಮೊದಲರ್ಧ ಗಂಟೆ ಫೋನ್ ನೋಡ್ಕೊಂಡು ನಿಂತಿದ್ದ. ಆಮೇಲೆ ಯಾವ್ದೋ ಒಂದು ಹಾಡಿಗೆ ತಲೆ ಎತ್ತಿ, ಹಾಡು ಯಾವ್ದು ಅಂತ ಹೇಳೋ ಶಜಾಮ್ ಆಪ್ ಆನ್ ಮಾಡಿ ಫೋನನ್ನ ಸ್ಪೀಕರ್ ಕಡೆ ಹಿಡ್ದ. ಸಿಗ್ಲಿಲ್ಲ. ಇನ್ನೊಂದ್ಸಲ ಹಿಡ್ದ, ಊಹುಂ. "ಮಾಮ, ಇದು ಎಲ್ಲೂ ಇಲ್ವಲ್ಲ!" ಅಂದ, ಮುಖದಲ್ಲಿ ಒಂಥರಾ ಗಾಬರಿ. ಡಬ್‌ಪ್ಲೇಟ್ ಇರ್ಬೇಕು ಕಣೋ ಅಂದೆ. ಒಂದು ಸೌಂಡ್ ಸಿಸ್ಟಮ್‌ಗೋಸ್ಕರ ಅಂತಾನೇ ಹಾಡಿಸ್ಕೊಂಡಿರೋದು, ಬೇರೆ ಯಾರ ಹತ್ರಾನೂ ಇರಲ್ಲ, ಸ್ಪಾಟಿಫೈಲೂ ಇರಲ್ಲ, ಕೇಳ್ಬೇಕಂದ್ರೆ ಇಲ್ಲಿಗೇ ಬರ್ಬೇಕು. ಬೆರಳು ತಾಗಿಸಿದ್ರೆ ಪ್ರಪಂಚದ ಹಾಡೆಲ್ಲ ಬರೋ ಕಾಲದಲ್ಲಿ ಬೆಳ್ದಿರೋ ಹುಡುಗನಿಗೆ ಸಿಗದೇ ಇರೋ ಹಾಡು ಅಂದ್ರೆ ಎಷ್ಟು ದೊಡ್ಡ ವಿಷಯ ಅಂತ ನಂಗೆ ಅವತ್ತೇ ಹೊಳೆದಿದ್ದು. ರೆಗೇ ಕಂಪನಿಗಳು ಯೂತ್ ಯೂತ್ ಅಂತ ರೀಲ್ಸಿಗೆ ತಕ್ಕ ಹಾಗೆ ಹಾಡು ಕತ್ತರಿಸೋದಕ್ಕಿಂತ ಇದನ್ನ ಹಿಡ್ಕೊಂಡ್ರೆ ವಾಸಿ.

ಬ್ಯಾಡ್ ಬನ್ನಿ ವಿಷಯಾನೂ ಆಗ್ಲೇ ಹೇಳ್ದೆ ಅವನಿಗೆ. ನೀನು ಕೇಳೋ ರೆಗೆಟಾನ್ ಬೀಟು ಹುಟ್ಟಿದ್ದು ಇದೇ ಊರಲ್ಲಿ, ಸ್ಟೀಲಿ ಅಂಡ್ ಕ್ಲೀವಿ ಅಂತ ಇಬ್ರು ಮಾಡಿದ ರಿದಂ, ಆಮೇಲೆ ಶಬ್ಬಾ ರ್ಯಾಂಕ್ಸ್ ಹಾಡಿದ 'ಡೆಮ್ ಬೌ' ಇಂದ ಆ ಬೀಟಿಗೆ ಡೆಂಬೋ ಅಂತಾನೇ ಹೆಸ್ರು ಬಂತು, 2021ರಲ್ಲಿ ಸ್ಟೀಲಿ ಅಂಡ್ ಕ್ಲೀವಿ ಕಡೆಯೋರು ಅಮೆರಿಕದ ಕೋರ್ಟಲ್ಲಿ ಕೇಸ್ ಕೂಡ ಹಾಕಿದ್ದಾರೆ ಅಂತ. ಹಿಪ್‌ಹಾಪ್‌ದೂ ಅದೇ ಕಥೆ, 1973ರಲ್ಲಿ ಬ್ರಾಂಕ್ಸಲ್ಲಿ ಆ ಫೇಮಸ್ ಪಾರ್ಟಿ ಮಾಡಿದ ಕೂಲ್ ಹರ್ಕ್ ಕಿಂಗ್‌ಸ್ಟನಲ್ಲಿ ಹುಟ್ಟಿದ ಹುಡುಗ, ಸೌಂಡ್ ಸಿಸ್ಟಮ್ ನೋಡ್ಕೊಂಡು ಬೆಳ್ದೋನು. ಅಂದ್ರೆ ರೆಗೇ ಯುವಕರನ್ನ ತಲುಪೋದ್ರಲ್ಲಿ ಸೋತಿಲ್ಲ, ಹೆಸರು ಬದಲಾಯಿಸ್ಕೊಂಡು ಆಗ್ಲೇ ಅವ್ರ ಕಿವೀಲಿ ಕೂತಿದೆ.

ಇನ್ನು ಸ್ವಲ್ಪ ಕಹಿ ಮಾತು. ಅಂಗಳದಲ್ಲಿ ಸುತ್ತ ನೋಡಿದ್ರೆ ಹೊರದೇಶದೋರು ಕಮ್ಮಿ ಏನಿರ್ಲಿಲ್ಲ, ಯುರೋಪು, ಜಪಾನು, ನಮ್ಮಂಥೋರು. ಜಮೈಕಾದ ಹುಡುಗ್ರೂ ಇದ್ರು, ಆದ್ರೆ ಊರಿನ ಹೆಚ್ಚಿನ ಹುಡುಗ್ರ ಮನಸ್ಸು ರೆಗೇಯಿಂದಲೇ ಹುಟ್ಟಿದ ಡಾನ್ಸ್‌ಹಾಲ್ ಸಂಗೀತದ ಕಡೆ. ಡಾನ್ಸ್‌ಹಾಲ್ ಹಾಡುಗಾರ ವೈಬ್ಸ್ ಕಾರ್ಟೆಲ್ 2024ರ ಜುಲೈನಲ್ಲಿ ಜೈಲಿಂದ ಹೊರಗೆ ಬಂದಾಗ, ಆ ವರ್ಷದ ಕೊನೆ ರಾತ್ರಿ ನ್ಯಾಷನಲ್ ಸ್ಟೇಡಿಯಮಲ್ಲಿ ಹಾಡಿದಾಗ ಇಡೀ ದ್ವೀಪ ಅದನ್ನೇ ಮಾತಾಡ್ತಿತ್ತು. 2022ರಲ್ಲಿ ಸರ್ಕಾರದ ಬ್ರಾಡ್‌ಕಾಸ್ಟಿಂಗ್ ಕಮಿಷನ್ನು ಬಂದೂಕು, ಡ್ರಗ್ಸು, ಸ್ಕ್ಯಾಮ್ ಹೊಗಳೋ ಹಾಡು ರೇಡಿಯೋ ಟೀವಿಲಿ ಹಾಕ್ಬಾರ್ದು ಅಂತ ಆರ್ಡರ್ ಮಾಡ್ತು, ಹುಡುಗ್ರು ರೇಡಿಯೋ ಕೇಳಿದ್ರೆ ತಾನೇ. ಮತ್ತೆ ಭಾನುವಾರ ರಾತ್ರಿ ರೇ ಟೌನಲ್ಲಿ ಬೀದೀಲೇ ಹಳೇ ಹಾಡಿನ ಡಾನ್ಸು ಎಷ್ಟೋ ವರ್ಷದಿಂದ ನಡ್ಕೊಂಡು ಬಂದಿದೆ, ಅದು ಅಪ್ಪ ಅಮ್ಮಂದಿರ ಜಾಗ. ಹಿಂಗಾಗಿ ರೂಟ್ಸ್ ರೆಗೇ, ಅಂದ್ರೆ ಮಾರ್ಲಿ ಥರದ ಹಳೇ ರಾಸ್ತಾ ರೆಗೇ ಅನ್ನೋದು ಹುಟ್ಟಿದೂರಲ್ಲೇ ಹಿರಿಯರದು, ಇಲ್ಲಾ ಟೂರಿಸ್ಟ್‌ದು ಅನ್ನಿಸ್ಕೊಳೋ ಅಪಾಯ ಇದ್ದೇ ಇದೆ. ಯುನೆಸ್ಕೊ 2018ರಲ್ಲಿ ರೆಗೇನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು, ಖುಷಿನೇ, ಆದ್ರೆ ಪಟ್ಟಿಗೆ ಸೇರಿದ ಕಲೆಗಳ ಗತಿ ನಮಗೂ ಗೊತ್ತಿರೋದೇ.

ಗ್ರ್ಯಾಮಿ ನೋಡಿ, ರೆಗೇಗೆ 1985ರಿಂದ ಕೊಡ್ತಿದ್ದಾರೆ. 2020ರಲ್ಲಿ ಸ್ಪ್ಯಾನಿಶ್ ಟೌನಿನ ಕಾಫಿ ಅನ್ನೋ ಹುಡುಗಿ 'ರ್ಯಾಪ್ಚರ್'ಗೆ ತಗೊಂಡ್ಲು, ಆಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರ್ಲಿಲ್ಲ, ಆ ವಿಭಾಗದಲ್ಲಿ ಗುಂಪಿಲ್ದೆ ಸೋಲೋ ಆಗಿ ಗೆದ್ದ ಮೊದಲ ಹೆಣ್ಣುಮಗಳು, ಸೋಲೋ ಗೆದ್ದೋರಲ್ಲಿ ಎಲ್ರಿಗಿಂತ ಚಿಕ್ಕೋಳು. ಅವಳನ್ನ ಜನ ಮೊದ್ಲು ನೋಡಿದ್ದೇ ಉಸೇನ್ ಬೋಲ್ಟ್ ಮೇಲೆ ಗಿಟಾರ್ ಹಿಡ್ದು ಹಾಡಿದ ಒಂದು ಸಣ್ಣ ವಿಡಿಯೋದಲ್ಲಿ. ಎರಡು ವರ್ಷ ಆದ್ಮೇಲೆ ವರ್ಜೀನಿಯಾದ ಸೋಜಾ ಅನ್ನೋ ಅಮೆರಿಕನ್ ಬ್ಯಾಂಡಿಗೆ ಕೊಟ್ರು, ಗಲಾಟೆ ಆಯ್ತು. 2023ರಲ್ಲಿ ಜಮೈಕಾದ ಹಾಡುಗಾರ ಕಬಾಕಾ ಪಿರಮಿಡ್. 2025ರಲ್ಲಿ ಮತ್ತೆ ಮಾರ್ಲಿ, ಅವ್ರ ಜೀವನದ ಸಿನಿಮಾ 'ಒನ್ ಲವ್' ಹೆಸರಲ್ಲಿ. ನನ್ ಪ್ರಕಾರ ಕಬಾಕಾ, ಕ್ರಾನಿಕ್ಸ್, ಪ್ರೊಟೊಜೆ, ಜಾ9, ಲೀಲಾ ಐಕೆ ಈ ಹೊಸಬರ ಹಾಡು ಕೇಳಿದ್ರೆ ರೆಗೇ ಹಳೇದಾಯ್ತು ಅನ್ನೋ ಮಾತು ಬರಲ್ಲ, ಹಿಪ್‌ಹಾಪ್ ಕೇಳಿ ಬೆಳ್ದಿರೋ ನಾಲಿಗೆ ಇವ್ರದು, ವಿಷಯ ಮಾತ್ರ ಅದೇ ಹಸಿವು, ಪೊಲೀಸು, ಆಫ್ರಿಕಾ, ದೇವ್ರು.

ಸೌಂಡ್ ಸಿಸ್ಟಮ್ ಹುಚ್ಚು ಹೊರಗಡೆ ಹುಡುಗ್ರಿಗೆ ಹತ್ತಿರೋದೂ ಸುಳ್ಳಲ್ಲ. ಜಪಾನಿನ ಯೊಕೊಹಾಮಾದ ಮೈಟಿ ಕ್ರೌನ್ ಅನ್ನೋ ತಂಡ 1999ರಲ್ಲೇ ನ್ಯೂಯಾರ್ಕಿಗೆ ಹೋಗಿ ವರ್ಲ್ಡ್ ಕ್ಲ್ಯಾಶ್ ಅನ್ನೋ ಸೌಂಡ್ ಸಿಸ್ಟಮ್ ಪೈಪೋಟಿ ಗೆದ್ದಿತ್ತು, ಜಮೈಕಾದೋರ ಮುಂದೇನೇ. ನಮ್ ದೇಶದಲ್ಲೂ ದೆಹಲಿಯ ರೆಗೇ ರಾಜಾಸ್ ಇದ್ದಾರೆ, ದೆಹಲಿ ಸುಲ್ತಾನೇಟ್ ಅನ್ನೋ ಕಲಾವಿದ ಸ್ವಂತ ಸೌಂಡ್ ಸಿಸ್ಟಮ್ ಕಟ್ಟಿಸಿದ್ದಾರೆ, ಗೋವಾದಲ್ಲಿ ಸನ್‌ಸ್ಪ್ಲಾಶ್ ಹಬ್ಬ ನಡೆದಿದೆ. ಬೆಂಗ್ಳೂರಿನ ಪಬ್ಬುಗಳಲ್ಲಿ ರೆಗೇ ನೈಟ್ ಅಂತ ಪೋಸ್ಟರ್ ನೋಡಿ ಓಡೋ ಹುಡುಗ್ರು ಒಂದ್ಸಲ ಸೌಂಡ್ ಸಿಸ್ಟಮ್ ಯಾವ್ದು ಅಂತ ಕೇಳ್ಕೊಂಡು ಹೋಗಿ, ಸಣ್ಣ ಸ್ಪೀಕರಲ್ಲಿ ಹಾಕಿದ್ರೆ ಮನೇಲೇ ಕೂತು ಕೇಳಿದಂಗೆ.

ಹುಡುಗ ಏನಂದ ಅಂತ ಕೇಳ್ತೀರ. ಪೂರ್ತಿ ಮತಾಂತರ ಏನೂ ಆಗಿಲ್ಲ, ವಾಪಸ್ ಬರ್ತಾ ಕಾರಲ್ಲಿ ಮತ್ತೆ ಡ್ರಿಲ್ಲೇ ಹಾಕ್ದ. ಆದ್ರೆ ಕಾಫಿದು, ಪ್ರೊಟೊಜೆದು ಸೇವ್ ಮಾಡ್ಕೊಂಡಿದ್ದಾನೆ, ದೊಡ್ಡ ಹೆಡ್‌ಫೋನ್ ಬೇಕು ಅಂತ ನಂಗೇ ಬಿಲ್ ಹಾಕೋ ಪ್ಲಾನಲ್ಲಿದ್ದಾನೆ.

ರೇಟಿಂಗ್ ಕೇಳಿದ್ರೆ ಸೌಂಡಿಗೆ 5ಕ್ಕೆ 5, ಜಾಗಕ್ಕೆ 5, ಊಟಕ್ಕೆ ಮೂರೂವರೆ (ನನ್ ನಾಲಿಗೆಗೆ ಖಾರ ಬೇಕು, ಅವ್ರ ತಪ್ಪಲ್ಲ). ಕೂತ್ಕೊಂಡು ಆರಾಮಾಗಿ ಕಾರ್ಯಕ್ರಮ ನೋಡ್ಬೇಕು, ಸ್ಟೇಜ್ ಮೇಲೆ ಹಾಡೋರು ಕಾಣ್ಬೇಕು ಅನ್ನೋರಿಗೆ ಇದು ಆಗಿಬರಲ್ಲ, ಇಲ್ಲಿ ಇರೋದು ಪ್ಲೇಟು, ಸ್ಪೀಕರು, ಕತ್ತಲೆ ಅಷ್ಟೇ. ಗುಡ್ಡದ ಮೇಲೆ ಗಾಳಿಗೆ ತಣ್ಣಗಿರತ್ತೆ, ತೆಳು ಜಾಕೆಟ್ ಇಟ್ಕೊಳಿ. ಕ್ಯಾಶ್ ಇಟ್ಕೊಳಿ. ಮೇಲಿಂದ ಆ ಹೊತ್ತಲ್ಲಿ ಗಾಡಿ ಸಿಗೋದು ಕಷ್ಟ, ಬಿಟ್ಟು ಹೋದ ಟ್ಯಾಕ್ಸಿಯವ್ರಿಗೇ ವಾಪಸ್ ಬರೋಕೆ ಹೇಳಿ ನಂಬರ್ ತಗೊಂಡಿರಿ, ಮತ್ತೆ ದಯವಿಟ್ಟು ಸೋಮವಾರ ಬೆಳಿಗ್ಗೆ ಫ್ಲೈಟ್ ಬುಕ್ ಮಾಡ್ಕೋಬೇಡಿ.