ಪೀಣ್ಯದ ಟೂಲ್ ರೂಮಿನಲ್ಲಿ ಥರ್ಮಲ್ ಕ್ಯಾಮೆರಾ: 26 ತಿಂಗಳಾದ ಮೇಲೆ

ಡ್ರಿಲ್ಲುಗಳ ಬಿರುಕು ಹಿಡಿಯೋಕೆ ಅಂತ, ಶಾಖವನ್ನು ಚಿತ್ರವಾಗಿ ತೋರಿಸೋ ಈ ಕ್ಯಾಮೆರಾ ತರಿಸಿದೆ. ಮೊದಲನೇ ದಿನ ಅದು ನನಗೆ ತೋರಿಸಿದ್ದು ಬಿರುಕಲ್ಲ, ನನ್ನದೇ ಮುಖ. ಆಗಷ್ಟೇ ಸಾಣೆ ಹಿಡಿದಿದ್ದ 32 ಮಿ.ಮೀ. ಟೇಪರ್ ಶ್ಯಾಂಕ್ ಡ್ರಿಲ್ಲು, ಅದರ ಮೈಮೇಲಿನ ಸುರುಳಿ ತೋಡು, ಅಂದರೆ ಫ್ಲೂಟ್ ಒಳಗೆ ಉದ್ದಕ್ಕೆ ಹಳದಿ ಗೆರೆ. ಸಿಕ್ಕಿತು ಅಂತ ಪಕ್ಕಕ್ಕಿಟ್ಟೆ. ಸಂಜೆಯೊಳಗೆ ಇನ್ನೂ ನಾಲ್ಕು ಸೇರಿದವು. ಮಾರನೇ ದಿನ ಟೇಬಲ್ಲಿನ ಆ ಕಡೆ ನಿಂತು ನೋಡಿದರೆ ಗೆರೆಯೂ ನನ್ನ ಜೊತೆಗೇ ಸರಿಯಿತು! ಐದು ಒಳ್ಳೇ ಡ್ರಿಲ್ಲು ಗುಜರಿ ಸೇರೋದರಲ್ಲಿತ್ತು.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಚಿಕ್ಕ ಶಾಪು. ಫ್ಲೇಂಜ್, ಬೇಸ್ ಪ್ಲೇಟ್‌ಗೆ ತೂತು ಹೊಡೆಯೋ ಕೆಲಸ. ಬಿರುಕು ಬಿಟ್ಟ ಡ್ರಿಲ್ಲು ಕಣ್ಣು ತಪ್ಪಿಸಿ ಮಷೀನಿಗೆ ಹೋದರೆ ಜಾಬಿನೊಳಗೇ ಮುರಿಯುತ್ತೆ, ಆ ತುಂಡು ತೆಗೆಸೋ ಖರ್ಚಲ್ಲಿ ಹೊಸ ಡ್ರಿಲ್ಲೇ ಬರುತ್ತೆ. ಅದಕ್ಕೇ ಓನರ್ ಹತ್ತಿರ ಗೋಗರೆದು 50,000 ರೂಪಾಯಿ ಒಳಗಿನದೊಂದು ತರಿಸಿದ್ದು. ಡೆಮೊ ಕೊಡೋಕೆ ಬಂದ ಹುಡುಗ ಕಾಫಿ ಲೋಟ, ಸ್ವಿಚ್‌ಬೋರ್ಡು ಎಲ್ಲ ಚೆಂದ ತೋರಿಸಿದ. ಹೊಳೆಯೋ ಉಕ್ಕಿನ ಮಾತು ಮಾತ್ರ ಎತ್ತಲೇ ಇಲ್ಲ.

ಹೊಳಪಿರುವ ಲೋಹ ತನ್ನ ಶಾಖವನ್ನು ಹೊರಗೆ ಬಿಡೋದು ಕಮ್ಮಿ, ಬೇರೆಯವರ ಶಾಖವನ್ನು ಕನ್ನಡಿ ಥರ ತೋರಿಸೋದು ಜಾಸ್ತಿ. ಮೆನುವಿನಲ್ಲಿ ಎಮಿಸಿವಿಟಿ ಅಂತ, ಮೇಲ್ಮೈ ಎಷ್ಟು ಶಾಖ ಹೊರಸೂಸುತ್ತೆ ಅನ್ನೋ ಒಂದು ಅಂಕಿ ಇದೆ, ಅದನ್ನು 0.95ರಿಂದ ಎಷ್ಟಕ್ಕೆ ಇಳಿಸಿದರೂ ಕನ್ನಡಿ ಕನ್ನಡಿಯೇ. ಮೊದಲ ಮೂರು ತಿಂಗಳು ಇದನ್ನು ಬೈದುಕೊಂಡೇ ಕಳೆದೆ. ಡ್ರಿಲ್ಲನ್ನು ಬೆರಳಲ್ಲಿ ತಟ್ಟಿ, ಮಡಕೆ ಕೊಳ್ಳುವವರ ಹಾಗೆ ಕಿವಿಗೊಟ್ಟು ಕೇಳೋ ನಮ್ಮ ಹಿರಿಯ ಆಪರೇಟರ್ ದಿನಾ ಕೇಳೋರು, "ಏನ್ ಸಾರ್, ಇವತ್ತು ಎಷ್ಟು ಡ್ರಿಲ್‌ಗೆ ಜ್ವರ?"

ಪರಿಹಾರ ಸಿಕ್ಕಿದ್ದು ಕೈಗೆಟಕೋ ಕಪಾಟಿನಲ್ಲೇ. ಬಿರುಕಿಗೆ ಬಣ್ಣದ ದ್ರವ ಇಳಿಸಿ ಪತ್ತೆ ಹಚ್ಚೋ ಡೈ ಪೆನೆಟ್ರೆಂಟ್ ಟೆಸ್ಟಿನಲ್ಲಿ, ಆ ಬಣ್ಣ ಎದ್ದು ಕಾಣಲಿ ಅಂತ ಹೊಡೆಯೋ ಬಿಳಿ ಡೆವಲಪರ್ ಸ್ಪ್ರೇ ಇರುತ್ತಲ್ಲ, ಅದನ್ನೇ ತೆಳ್ಳಗೆ ಹೊಡೆದೆ. ಕಣ್ಣಿಗೆ ಸುಣ್ಣದಷ್ಟು ಬಿಳಿ, ಈ ಕ್ಯಾಮೆರಾ ನೋಡೋ ಶಾಖದ ಕಿರಣಕ್ಕೆ ಕಾಡಿಗೆಯಷ್ಟು ಕಪ್ಪು. ನನ್ನ ಮುಖ ಮಾಯ.

ಅವತ್ತಿನಿಂದ ಬೆಳಗಿನ ಅರ್ಧ ಗಂಟೆ ನನ್ನದು. ಫ್ಯಾನ್ ಆರಿಸೋದು, ಬಾಗಿಲ ಬಿಸಿಲಿಗೆ ಬೆನ್ನು ಹಾಕೋದು, ಎಣ್ಣೆ ಒರೆಸಿ ಒಣಗಿಸಿದ ಡ್ರಿಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಸ್ಪ್ರೇ ಮಾಡೋದು. ಸುಮ್ಮನಿರೋ ತಣ್ಣನೆ ಡ್ರಿಲ್ಲಲ್ಲಿ ಕ್ಯಾಮೆರಾಗೆ ಏನೂ ಕಾಣಲ್ಲ, ಒಂದು ಏಟು ಶಾಖ ಕೊಡಲೇಬೇಕು. ಟಿಪ್ ಬ್ರೇಜಿಂಗ್‌ಗೆ (ಟೂಲಿನ ತುದಿಗೆ ಕತ್ತರಿಸೋ ತುಂಡು ಬೆಸೆಯೋಕೆ) ಇಟ್ಟುಕೊಂಡಿರೋ, ಲೋಹದೊಳಗೆ ಕರೆಂಟು ಹರಿಸಿ ಕಾಯಿಸೋ ಇಂಡಕ್ಷನ್ ಮಷೀನಿನ ಸುರುಳಿಯೊಳಗೆ ಡ್ರಿಲ್ಲಿನ ಮೂತಿ ತೂರಿಸಿ ಒಂದು ಸೆಕೆಂಡ್ ಒತ್ತಿದರೆ ಸಾಕು, ಮುಟ್ಟಿದರೆ ಉಗುರುಬೆಚ್ಚಗೆ. ಹೊರತೆಗೆದು ವಿ-ಬ್ಲಾಕ್ ಮೇಲಿಟ್ಟರೆ ಕ್ಯಾಮೆರಾ 'ಟಿಕ್' ಅಂತ ತನ್ನ ಶಟರ್ ಮುಚ್ಚಿ ತೆಗೆಯುತ್ತೆ. ಆ ಟಿಕ್ ಕೇಳದಿದ್ದರೆ ಈಗ ನನಗೆ ಬೆಳಗಾದ ಹಾಗೇ ಅನ್ನಿಸಲ್ಲ. ಬಿರುಕಿದ್ದರೆ ಕರೆಂಟು ಅದನ್ನು ಬಳಸಿಕೊಂಡು ಹೋಗಬೇಕು, ಬಳಸೋ ತುದಿಯಲ್ಲಿ ಒತ್ತೊತ್ತಾಗಿ ಹರಿಯುತ್ತೆ, ಅಲ್ಲಿ ಕಿಡಿಯಂಥ ಬಿಳಿ ಚುಕ್ಕೆ.

ಆದರೆ ಫ್ಲೂಟಿನ ಅಂಚುಗಳೂ ಜಾಸ್ತಿ ಕಾಯುತ್ತವೆ, ಹೊಸಬರು ಮೋಸ ಹೋಗೋದು ಇಲ್ಲೇ. ನಾನು ಮಾಡೋದಿಷ್ಟು: ಡ್ರಿಲ್ಲನ್ನು ಅರ್ಧ ಸುತ್ತು ತಿರುಗಿಸ್ತೀನಿ. ಕತ್ತರಿಸೋ ಎರಡು ಬಾಯಿಯೂ ಅವಳಿ ತಾನೆ, ಎರಡರಲ್ಲೂ ಅದೇ ಬೆಳಕು ಕಂಡರೆ ಅದು ಆಕಾರದ್ದು. ಒಂದರಲ್ಲಿ ಮಾತ್ರ ಕಂಡರೆ ಅನುಮಾನ. ಅನುಮಾನದ್ದನ್ನು ತೊಳೆದು, ಕೆಂಪು ಪೆನೆಟ್ರೆಂಟ್ ಹಚ್ಚಿ ಹತ್ತು ನಿಮಿಷ ಬಿಡ್ತೀನಿ. ಮೊದಲು ಎಲ್ಲ ಡ್ರಿಲ್ಲಿಗೂ ಮಾಡುತ್ತಿದ್ದ ಈ ಕೆಲಸ ಈಗ ದಿನಕ್ಕೆ ಎರಡೋ ಮೂರಕ್ಕೋ.

ಸಿಟ್ಟು ಪೂರ್ತಿ ಹೋಗಿಲ್ಲ. ಸುರುಳಿಯೊಳಗೆ ಕರೆಂಟು ಡ್ರಿಲ್ಲನ್ನು ಸುತ್ತು ಬರುತ್ತೆ. ಉದ್ದಕ್ಕಿರೋ ಬಿರುಕು ಅದಕ್ಕೆ ಅಡ್ಡ ಬಂದು ಕಾಣುತ್ತೆ, ಬಳೆಯ ಹಾಗೆ ಸುತ್ತಿರೋ ಬಿರುಕು ಜಾರಿಕೊಳ್ಳುತ್ತೆ. ಹೋದ ವರ್ಷ ಅಂಥದ್ದೊಂದು ನನ್ನ ಕೈಯಿಂದಲೇ ಪಾಸಾಗಿ ಜಾಬಲ್ಲಿ ಮುರಿಯಿತು. ಕಾರ್ಬೈಡ್ ಅನ್ನೋ ಗಟ್ಟಿ ವಸ್ತುವಿನ ಡ್ರಿಲ್ಲಂತೂ ಬೇಡವೇ ಬೇಡ. ಮಾಮೂಲಿ ಡ್ರಿಲ್ಲಿನ ಹೈಸ್ಪೀಡ್ ಸ್ಟೀಲಿಗಿಂತ ಎಷ್ಟೋ ಬೇಗ ಶಾಖ ಹರಡುತ್ತೆ, ನನ್ನ ಕ್ಯಾಮೆರಾ ಹಿಡಿಯೋದು ಸೆಕೆಂಡಿಗೆ 9 ಚಿತ್ರ. ಅದು ಕಣ್ಣು ಬಿಡುವಷ್ಟರಲ್ಲಿ ಎಲ್ಲ ಒಂದೇ ಬಣ್ಣ. 10 ಮಿ.ಮೀ.ಗಿಂತ ಸಣ್ಣದನ್ನು ನಾನು ನೋಡೋದೇ ಬಿಟ್ಟಿದ್ದೀನಿ.

ಬ್ರೇಜಿಂಗ್ ಮಷೀನ್ ಇಲ್ಲದ ಶಾಪಿನವರು ಈ ಕ್ಯಾಮೆರಾ ಒಂದನ್ನೇ ತಂದರೆ ಕಾಫಿ ಲೋಟ ನೋಡಿಕೊಂಡಿರಬೇಕಾಗುತ್ತೆ. ನಮ್ಮ ಹಾಗೆ ದಪ್ಪ ಡ್ರಿಲ್ಲೇ ಜಾಸ್ತಿ ಇದ್ದರೆ ತಗೊಳ್ಳಿ, ಜೊತೆಗೆ ಎರಡು ಡಬ್ಬ ಡೆವಲಪರ್ ಸೇರಿಸಿ ಬಜೆಟ್ ಹಾಕಿ. ನಮ್ಮ ಹಿರಿಯರು ಈಗಲೂ ತಟ್ಟೇ ನೋಡ್ತಾರೆ. ಸದ್ದು ಬೊದ್ದಾಗಿ ಬಂದರೆ ಮಾತ್ರ ಡ್ರಿಲ್ಲು ತಂದು ನನ್ನ ಟೇಬಲ್ ಮೇಲಿಟ್ಟು, "ಸಾರ್, ಇದಕ್ಕೆ ಸ್ವಲ್ಪ ಜ್ವರ ನೋಡಿ" ಅಂತಾರೆ.