ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ಮನೆಗೆ ಸೈ, ಐಸಿಯುಗೆ ಅಲ್ಲ

ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರಿದ್ದರೆ ಇದಕ್ಕೆ ಹಾಕಿದ ದುಡ್ಡು ದಂಡವಲ್ಲ. ನಾವು ಅಪ್ಪನಿಗೆ ಹಾಕುತ್ತಿರುವುದು 14 ದಿನ ಬರುವ ಮಾಡೆಲ್. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ತೋಳಿನ ಹಿಂಭಾಗಕ್ಕೆ ಒತ್ತಿದರೆ ಟಕ್ ಅಂತ ಕೂರುತ್ತದೆ, ತೆಳು ಎಳೆಯೊಂದು ಚರ್ಮದೊಳಗೆ ಅರ್ಧ ಸೆಂಟಿಮೀಟರ್ ಹೋಗುತ್ತದೆ. ಒಂದು ಗಂಟೆ ಕಾದು ಫೋನ್ ಹತ್ತಿರ ಹಿಡಿದರೆ ಶುಗರ್ ಎಷ್ಟಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ ಎಲ್ಲ ಗೊತ್ತಾಗುತ್ತದೆ.

ಸೋಮವಾರಪೇಟೆ ಮಳೆಗಾಲ ಗೊತ್ತಲ್ಲ, ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಸ್ಕ್ಯಾನ್ ಮಾಡೋಕೆ ನೆಟ್ ಬೇಡ, ಫೋನಲ್ಲಿ ಚಾರ್ಜ್ ಇದ್ದರೆ ಸಾಕು. ಆದರೆ ಅದು 8 ಗಂಟೆಯ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ, ಮಲಗುವಾಗಲೂ ಎದ್ದ ತಕ್ಷಣವೂ ಸ್ಕ್ಯಾನ್ ಮಾಡಲೇಬೇಕು. ನಡುರಾತ್ರಿ ಅಪ್ಪನ ಶುಗರ್ 60ರ ಹತ್ತಿರ ಇಳಿಯುತ್ತಿದೆ ಅಂತ ತೋರಿಸಿದ್ದು ಇದೇ. ಆ ತೋಳನ್ನು ಒತ್ತಿಕೊಂಡು ಮಲಗಿದರೂ ಸುಳ್ಳೇ ಕಡಿಮೆ ತೋರಿಸುತ್ತದೆ, ಅದಕ್ಕೆ ಎಬ್ಬಿಸಿ ಬೆರಳು ಚುಚ್ಚಿ ನೋಡಿದೆವು. ನಿಜವೇ ಇತ್ತು, ಡಾಕ್ಟರ್ ರಾತ್ರಿಯ ಡೋಸ್ ಕಮ್ಮಿ ಮಾಡಿದರು. ಗಮ್ ಮಾತ್ರ ಅಷ್ಟಕ್ಕಷ್ಟೇ. ರೈನ್‌ಕೋಟ್ ಹಾಕಿ ತೋಟ ಸುತ್ತಿ ಬೆವತರೆ ಅಂಚು ಎದ್ದು ಬರುತ್ತದೆ.

ಮೊನ್ನೆ ನ್ಯುಮೋನಿಯಾ ಜೋರಾಗಿ, ಬಿಪಿ ಬಿದ್ದು, ಅಪ್ಪನನ್ನು ಮೈಸೂರಿನಲ್ಲಿ ಐಸಿಯುಗೆ ಸೇರಿಸಬೇಕಾಯಿತು. ಅಲ್ಲಿ ತೋಳಲ್ಲಿ ಸೆನ್ಸರ್ ಇದ್ದರೂ ಯಾರೂ ಅದನ್ನು ನೋಡಲಿಲ್ಲ, ಗಂಟೆಗೊಮ್ಮೆ ರಕ್ತ ತೆಗೆಯುತ್ತಿದ್ದರು. ಸುಮ್ನೆ ಯಾಕೆ ಅಂತ ಅಮ್ಮ ಕೇಳಿದ್ದಕ್ಕೆ ಸಿಸ್ಟರ್ ಚೆನ್ನಾಗಿ ಬಿಡಿಸಿ ಹೇಳಿದರು: "ಅಮ್ಮಾ, ಇದು ರಕ್ತದ ಸಕ್ಕರೆ ಅಳೆಯಲ್ಲ, ಚರ್ಮದ ಕೆಳಗಿನ ದ್ರವದ್ದು ಅಳೆಯುತ್ತೆ." ಆರಾಮಾಗಿರುವವರಿಗೂ ಅದರ ಲೆಕ್ಕ ರಕ್ತದ ಶುಗರ್‌ಗಿಂತ ಐದು ಹತ್ತು ನಿಮಿಷ ಹಿಂದೆಯೇ ಇರುತ್ತದೆ. ಬಿಪಿ ಬಿದ್ದು, ಏರಿಸುವ ಔಷಧಿ ಡ್ರಿಪ್‌ನಲ್ಲಿ ಹೋಗುತ್ತಿದ್ದಾಗ ಚರ್ಮಕ್ಕೆ ರಕ್ತವೇ ಸರಿಯಾಗಿ ಹರಿಯಲ್ಲ, ಮೈ ಬೇರೆ ಊದಿಕೊಂಡಿರುತ್ತದೆ. ಆಗ ಇದನ್ನು ನಂಬಿ ಇನ್ಸುಲಿನ್ ಏರಿಸಿ ಇಳಿಸಿದರೆ ಗತಿಯೇನು? ಬೆರಳ ತುದಿಯ ರಕ್ತವನ್ನೂ ಆಗ ಪೂರ್ತಿ ನಂಬಲ್ಲವಂತೆ. ಮಣಿಕಟ್ಟಿನ ಆರ್ಟೀರಿಯಲ್ ಲೈನ್‌ನಿಂದ (ಅಪಧಮನಿಯೊಳಗೆ ಹಾಕಿಟ್ಟ ತೆಳು ನಳಿಕೆ) ರಕ್ತ ತೆಗೆದು, ಅದನ್ನು ಪರೀಕ್ಷಿಸುವ ಬ್ಲಡ್ ಗ್ಯಾಸ್ ಮಷೀನ್‌ಗೆ ಹಾಕಿದರೆ ಶುಗರ್, ಲ್ಯಾಕ್ಟೇಟ್ (ಮೈಗೆ ರಕ್ತ, ಆಮ್ಲಜನಕ ಸಾಲದಿದ್ದರೆ ಏರುವಂಥದ್ದು), ಪೊಟ್ಯಾಸಿಯಂ ಎಲ್ಲ ಒಂದೇ ಸಲಕ್ಕೆ ಬರುತ್ತದೆ. 2020ರಲ್ಲಿ ಕೋವಿಡ್ ಸಮಯದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಸ್ಪತ್ರೆಯೊಳಗೂ ಇಂಥ ಸೆನ್ಸರ್ ಬಳಸಲು ಬಿಟ್ಟಿತ್ತು, ನಿಜ. ಆದರೆ ಅದು ನರ್ಸ್‌ಗಳು ಪದೇ ಪದೇ ರೋಗಿ ಹತ್ತಿರ ಹೋಗೋದು ತಪ್ಪಲಿ ಅಂತ.

ಇನ್ನೊಂದು, ಎಂಆರ್‌ಐ ಇದ್ದರೆ ನಮ್ಮ ಮಾಡೆಲನ್ನು ಕಿತ್ತು ಹಾಕಬೇಕು, ತಿರುಗಿ ಅಂಟಿಸೋಕೆ ಬರಲ್ಲ. ತಿಂಗಳಿಗೆ ಎರಡು ಬೇಕು, ಬೆಲೆಯೂ ಕಮ್ಮಿಯಲ್ಲ, ಹಾಗಾಗಿ ಆಸ್ಪತ್ರೆಗೆ ಸೇರುವುದು ಗೊತ್ತಿದ್ದರೆ ಹೊಸದನ್ನು ಒಡೆಯಬೇಡಿ. ನನ್ನ ಕಡೆಯಿಂದ ನಾಲ್ಕು ಸ್ಟಾರ್, ಒಂದು ಗಮ್‌ಗೆ ಕಟ್.