ಲಾ ಫೋಚೆ: ತೋಟದ ಫೋಟೊ ನೋಡಿ ಮರುಳಾಗುವ ಮೊದಲು ಮನೆ ಯಾವುದೆಂದು ಕೇಳಿ

ಟಸ್ಕನಿಯ ವಾಲ್ ದೋರ್ಚಾ ಕಣಿವೆಯಲ್ಲಿ, ಕಿಯಾಂಚಾನೊ ತೆರ್ಮೆ ಊರಿನಿಂದ ಕಾರಿನಲ್ಲಿ ಸ್ವಲ್ಪವೇ ದೂರದಲ್ಲಿ, ಲಾ ಫೋಚೆ ಎಂಬ ಹಳೆಯ ಎಸ್ಟೇಟ್ ಇದೆ. ಅಲ್ಲಿನ ಹಿಂದಿನ ರೈತರ ಮನೆಗಳನ್ನು ರಿಪೇರಿ ಮಾಡಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ವಾರಪೂರ್ತಿ ಉಳಿಯುವ, ಕಾರು ಓಡಿಸಬಲ್ಲ, ಅಡುಗೆ ತಾವೇ ಮಾಡಿಕೊಳ್ಳುವ ದೊಡ್ಡ ಬಳಗಕ್ಕೆ ಇಂಥ ಜಾಗ ಇಟಲಿಯಲ್ಲೂ ಅಪರೂಪ. ಎರಡು ರಾತ್ರಿಗೆಂದು ಬರುವವರಿಗೆ, ಬೆಳಿಗ್ಗೆ ಏಳುವಷ್ಟರಲ್ಲಿ ತಿಂಡಿ ಟೇಬಲ್ ಮೇಲಿರಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ ಜಾಗ ಅಲ್ಲ. ಇದು ಹೋಟೆಲ್ ಅಲ್ಲ, ಫೋಟೊಗಳಲ್ಲಿ ಕಾಣುವ ತೋಟವೂ ಎಲ್ಲ ಮನೆಗಳ ಬಾಗಿಲಿಗೆ ಅಂಟಿಕೊಂಡಿಲ್ಲ. ಬುಕ್ ಮಾಡುವವರು ಎಡವುವುದು ಹೆಚ್ಚಾಗಿ ಈ ಎರಡನೇ ವಿಷಯದಲ್ಲೇ.

ಮುಖ್ಯ ಕಟ್ಟಡ, ಅಂದರೆ ವಿಲ್ಲಾ, 15ನೇ ಶತಮಾನದ ಕೊನೆಯಲ್ಲಿ, ರೋಮ್‌ಗೆ ಹೋಗುವ ಯಾತ್ರಿಕರೂ ವ್ಯಾಪಾರಿಗಳೂ ತಂಗಲೆಂದು ಕಟ್ಟಿದ್ದು. 1924ರಲ್ಲಿ ಲೇಖಕಿ ಐರಿಸ್ ಒರಿಗೊ, ಆಂಟೋನಿಯೊ ಒರಿಗೊ ದಂಪತಿ ಈ ಎಸ್ಟೇಟ್ ಕೊಂಡಾಗ ಸುತ್ತಲೂ ಇದ್ದದ್ದು ಮಳೆಗೆ ಕೊಚ್ಚಿ ಬೋಳಾದ ಜೇಡಿಮಣ್ಣಿನ ಗುಡ್ಡಗಳು. ಅವರು ಮಣ್ಣು ಸರಿಪಡಿಸಿದರು, ರಸ್ತೆ ಹಾಕಿಸಿದರು, ರೈತರ ಮನೆಗಳನ್ನು ದುರಸ್ತಿ ಮಾಡಿಸಿದರು, ಮಕ್ಕಳಿಗೆ ಶಾಲೆ ಮಾಡಿದರು. ಈ ಚರಿತ್ರೆ ಬಾಡಿಗೆಗೆ ಬರುವವರಿಗೆ ಯಾಕೆ ಬೇಕೆಂದರೆ, ರೈತರ ಮನೆಗಳು ಆಯಾ ಹೊಲದ ನಡುವೆ ಇದ್ದವು, ವಿಲ್ಲಾದ ಸುತ್ತ ಅಲ್ಲ. ಇವತ್ತು ಅತಿಥಿಗಳಿಗೆ ಸಿಗುವುದು ಬಹುಪಾಲು ಅಂಥ ಮನೆಗಳೇ. ಕೆಲವು ವಿಲ್ಲಾಕ್ಕೆ ಹತ್ತಿರ, ಕೆಲವು ಮಣ್ಣುರಸ್ತೆಯಲ್ಲಿ ಸಾಕಷ್ಟು ದೂರ. ಹಾಗಾಗಿ ಮೊದಲ ಮೇಲ್‌ನಲ್ಲೇ ಮೂರು ಪ್ರಶ್ನೆ ಕೇಳಿಬಿಡಿ: ಈ ಮನೆಯಿಂದ ವಿಲ್ಲಾದ ತೋಟಕ್ಕೆ ಎಷ್ಟು ದೂರ, ಈಜುಕೊಳ ನಮಗೊಬ್ಬರಿಗೇನಾ ಅಥವಾ ಪಕ್ಕದ ಮನೆಯವರ ಜೊತೆ ಹಂಚಿಕೊಳ್ಳಬೇಕಾ, ತೋಟಕ್ಕೆ ಅತಿಥಿಗಳು ಯಾವ ಹೊತ್ತಿನಲ್ಲಿ ಹೋಗಬಹುದು. ಉತ್ತರ ಬರಹದಲ್ಲಿ ಇರಲಿ. ಫೋನಿನಲ್ಲಿ ಹೇಳಿದ ಮಾತು ಅಲ್ಲಿ ಹೋದಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ತೋಟ. ಇದನ್ನು 1920ರ ದಶಕದ ಕೊನೆಯಿಂದ 1939ರವರೆಗೆ ಹಂತಹಂತವಾಗಿ ರೂಪಿಸಿದವನು ಇಂಗ್ಲಿಷ್ ವಾಸ್ತುಶಿಲ್ಪಿ ಸೆಸಿಲ್ ಪಿನ್ಸೆಂಟ್. ಒಂದೇ ಸಲಕ್ಕೆ ಮಾಡಲಾಗದ್ದಕ್ಕೆ ಕಾರಣ ನೀರು. ಮೊದಮೊದಲು ಇಲ್ಲಿ ಕುಡಿಯುವುದಕ್ಕೇ ನೀರಿನ ತಾಪತ್ರಯ. ಐರಿಸ್ ಅವರ ಅಮೆರಿಕದ ಅಜ್ಜಿ ಉಡುಗೊರೆಯಾಗಿ ಕೊಟ್ಟ ದುಡ್ಡಿನಲ್ಲಿ ಹತ್ತು ಕಿಲೊಮೀಟರ್ ಆಸುಪಾಸಿನ ಕಾಡಿನ ಚಿಲುಮೆಯಿಂದ ಪೈಪ್ ಎಳೆದ ಮೇಲೆಯೇ ತೋಟದ ಮಾತು ಸಾಧ್ಯವಾಯಿತು. ಮನೆಗೆ ಅಂಟಿದ ಮೊದಲ ಅಂಗಳ ಚಿಕ್ಕದು, ಕಾರಂಜಿ ಇರುವಂಥದ್ದು. ಅಲ್ಲಿಂದ ಮುಂದೆ ಟ್ರಾವರ್ಟೈನ್ ಕಲ್ಲಿನ ಅಂಚು, ಗೋಡೆಯಂತೆ ಕತ್ತರಿಸಿದ ಬಾಕ್ಸ್ ಗಿಡದ ಬೇಲಿ, ಸಾಲಾಗಿ ಇಟ್ಟ ನಿಂಬೆಯ ಮಣ್ಣಿನ ಕುಂಡಗಳು. ಗುಡ್ಡದ ಓರೆಗೆ ಬಾಗಿಕೊಂಡು ಕಾಡಿನ ಕಡೆ ಹೋಗುವ ವಿಸ್ಟೀರಿಯಾ ಚಪ್ಪರ ಇಲ್ಲಿನ ನಿಜವಾದ ಸೊಬಗು. ಕೆಳಗಿನ ತೋಟ ಕೊನೆಯಲ್ಲಿ ತ್ರಿಕೋನವಾಗಿ ಚೂಪಾಗುತ್ತದೆ, ತುದಿಯಲ್ಲಿ ಕಲ್ಲಿನ ಕೊಳ, ಅದರಾಚೆ ಕಣಿವೆ, ಎದುರಿಗೆ ಮೊಂತೆ ಅಮಿಯಾತಾ ಬೆಟ್ಟ. ಕ್ಯಾಲೆಂಡರ್‌ಗಳಲ್ಲಿ ಕಾಣುವ ಹಾವಿನಂತೆ ಸುತ್ತುವ ಸೈಪ್ರೆಸ್ ಸಾಲಿನ ರಸ್ತೆ ಇರುವುದು ಎದುರಿನ ಗುಡ್ಡದಲ್ಲಿ. ತೋಟದ ಒಳಗೆ ಅದನ್ನು ಹುಡುಕಬೇಡಿ, ದೂರದಿಂದಲೇ ಚೆಂದ.

ತೋಟಕ್ಕೆ ಸಾರ್ವಜನಿಕರನ್ನು ಬಿಡುವುದು ಗೈಡ್ ಜೊತೆ ಮಾತ್ರ, ಅದೂ ವಸಂತದಿಂದ ಶರತ್ಕಾಲದವರೆಗೆ, ವಾರದ ಗೊತ್ತಾದ ದಿನಗಳಲ್ಲಿ. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಬಾಡಿಗೆ ಖಾತ್ರಿ ಮಾಡುವಾಗಲೇ ಕೇಳಿ ಸ್ಥಳ ಕಾದಿರಿಸಿ. ವಿಸ್ಟೀರಿಯಾ ಹೂವು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳು, ಗುಲಾಬಿ ಮೇ ಪೂರ್ತಿ, ಲ್ಯಾವೆಂಡರ್ ಜೂನ್ ಕೊನೆ. ನಿಂಬೆಯ ಕುಂಡಗಳು ಚಳಿಗಾಲವಿಡೀ ನಿಂಬೆಮನೆಯ ಒಳಗೇ ಇರುತ್ತವೆ, ಹಿಮದ ಭಯ ಹೋದ ಮೇಲಷ್ಟೇ ಹೊರಗೆ ಬರುತ್ತವೆ. ಜುಲೈನಲ್ಲಿ ಗೋಧಿ ಕೊಯ್ದು ಗುಡ್ಡಗಳು ಒಣಗಿ ಕಂದಾಗುತ್ತವೆ. ಹಸಿರು ಬೇಕೆಂದವರು ಮೇ ತಿಂಗಳು ಹಿಡಿಯಬೇಕು. ಜುಲೈ ಕೊನೆಗೆ ಬರುವವರಿಗೆ ಬೇರೆ ಲಾಭವಿದೆ: 1989ರಿಂದ ನಡೆದು ಬಂದಿರುವ ಇನ್‌ಕಾಂತ್ರಿ ಇನ್ ತೆರ್ರಾ ದಿ ಸಿಯೆನಾ ಸಂಗೀತೋತ್ಸವದ ಬೇರು ಇದೇ ಎಸ್ಟೇಟಿನಲ್ಲಿದೆ.

ಮನೆಗಳ ಒಳಗೆ ಬಂದರೆ, ಗೋಡೆ ದಪ್ಪ, ನೆಲಕ್ಕೆ ಸುಟ್ಟ ಜೇಡಿಮಣ್ಣಿನ ಹೆಂಚು, ಕಿಟಕಿಗೆ ಮರದ ಪಟ್ಟಿಯ ಹೊರಬಾಗಿಲು. ಟಸ್ಕನಿಯ ಇಂಥ ಹಳೆಯ ಮನೆಗಳಲ್ಲಿ ಎಸಿ ಇರಲೇಬೇಕೆಂದಿಲ್ಲ, ಜಾಣತನದಿಂದ ಬಳಸಿದರೆ ಬೇಕಾಗುವುದೂ ಇಲ್ಲ. ಬೆಳಿಗ್ಗೆ ಹತ್ತರೊಳಗೆ ಗಾಜು, ಹೊರಬಾಗಿಲು ಎರಡನ್ನೂ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ಎಲ್ಲ ತೆರೆಯಬೇಕು. ನಮ್ಮೂರಿನ ಅಭ್ಯಾಸದಲ್ಲಿ ಗಾಳಿ ಬರಲಿ ಅಂತ ಮಧ್ಯಾಹ್ನ ಕಿಟಕಿ ತೆಗೆದಿಟ್ಟರೆ ಗೋಡೆಯ ತಂಪೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ, ರಾತ್ರಿ ಮಲಗಲಾಗುವುದಿಲ್ಲ. ಸೊಳ್ಳೆ ಪರದೆ ಇದೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಲಿಕ್ವಿಡ್ ಮಷಿನ್ ಅಲ್ಲಿಯೇ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಕಲ್ಲುಗೋಡೆಯ ಸಂದಿನಿಂದ ಚಿಕ್ಕ ಕಪ್ಪು ಚೇಳು ಆಗೀಗ ಹೊರಬರುತ್ತದೆ. ಅದರ ಕುಟುಕು ನಮ್ಮ ಕೆಂಚೇಳಿನದಕ್ಕೆ ಹೋಲಿಸಿದರೆ ಏನೂ ಅಲ್ಲ, ಆದರೂ ಶೂ ಕೊಡವಿ ಹಾಕಿಕೊಳ್ಳಿ.

ವಿದ್ಯುತ್ತು ಬೇರೆಯದೇ ಕಥೆ. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಕೊಡುವುದು 3 ಕಿಲೊವಾಟ್ ಸಂಪರ್ಕ. ಓವನ್ ಎರಡು ಕಿಲೊವಾಟ್, ಕೆಟಲ್ ಎರಡು ಕಿಲೊವಾಟ್, ವಾಷಿಂಗ್ ಮಷಿನ್ ನೀರು ಬಿಸಿ ಮಾಡುವಾಗ ಇನ್ನೆರಡು ಕಿಲೊವಾಟ್ ಎಳೆಯುತ್ತವೆ. ಮೂರನ್ನೂ ಒಟ್ಟಿಗೆ ಹಚ್ಚಿದರೆ ಕರೆಂಟ್ ಹೋಗುತ್ತದೆ. ಆಗ ಒಳಗಿನ ಬೋರ್ಡಿನ ಸ್ವಿಚ್ ಎತ್ತಿದರೂ ಬಾರದೆ ಇರಬಹುದು, ಏಕೆಂದರೆ ಟ್ರಿಪ್ ಆಗುವುದು ಮೀಟರಿನಲ್ಲಿ. ಹಳ್ಳಿಮನೆಗಳ ಮೀಟರ್ ಗೇಟಿನ ಬಳಿಯ ಪೆಟ್ಟಿಗೆಯಲ್ಲಿರುವುದುಂಟು. ಬೀಗದಕೈ ಸಿಕ್ಕ ದಿನವೇ, ಬೆಳಕಿದ್ದಾಗ, ಅದು ಎಲ್ಲಿದೆ ಎಂದು ತೋರಿಸಿಕೊಳ್ಳಿ. ಮಿಕ್ಸಿ ಒಯ್ಯುವವರು ಒಯ್ಯಬಹುದು: 230 ವೋಲ್ಟ್, 50 ಹರ್ಟ್ಸ್ ನಮ್ಮದೇ. ಆದರೆ ಮೂರು ಕಡ್ಡಿಯ ನಮ್ಮ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕೇ ಬೇಕು. ಸಣ್ಣ ಕಡ್ಡಿಯ ಎರಡು ಪಿನ್ನಿನ ಚಾರ್ಜರ್‌ಗಳು ಹಾಗೆಯೇ ಹಿಡಿಯುತ್ತವೆ.

ದುಡ್ಡಿನ ವಿಚಾರ. ಬೇಸಿಗೆಯಲ್ಲಿ ಇಂಥ ಎಸ್ಟೇಟುಗಳು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತವೆ, ನಡುವಾರದ ಬಾಡಿಗೆ ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಕೇಳಿ ನೋಡಬಹುದು. ಬಾಡಿಗೆಯ ಮೇಲೆ ಕೊನೆಯ ಶುಚಿ, ಚಳಿಗಾಲದ ಹೀಟಿಂಗ್, ತಲೆಗೆ ಇಷ್ಟೆಂದು ಊರಿನ ತಂಗುದಾಣ ತೆರಿಗೆ ಸೇರಬಹುದು, ಭದ್ರತಾ ಠೇವಣಿ ಬೇರೆ. ಒಟ್ಟು ಎಷ್ಟಾಗುತ್ತದೆ ಎಂದು ಒಂದೇ ಮೊತ್ತದಲ್ಲಿ ಬರೆಸಿಕೊಳ್ಳಿ. ಕರಾರಿನಲ್ಲಿ ಮುಂಗಡಕ್ಕೆ 'ಕಪಾರ್ರಾ ಕನ್‌ಫರ್ಮತೋರಿಯಾ' ಎಂದಿದ್ದರೆ ಎಚ್ಚರ: ಇಟಲಿಯ ಕಾನೂನಿನ ಪ್ರಕಾರ ನೀವು ಹಿಂದೆ ಸರಿದರೆ ಅದು ಮಾಲೀಕರ ಪಾಲು, ಅವರು ಹಿಂದೆ ಸರಿದರೆ ನಿಮಗೆ ಎರಡರಷ್ಟು ಕೊಡಬೇಕು. ಬೆಂಗಳೂರಿನಿಂದ ಹೋಗುವವರಿಗೆ ಇದು ದೊಡ್ಡ ವಿಷಯ, ಏಕೆಂದರೆ ಶೆಂಗೆನ್ ವೀಸಾಕ್ಕೆ ತಂಗುವ ಜಾಗದ ಪುರಾವೆ ಬೇಕು, ಪುರಾವೆಗೆ ಮುಂಗಡ ಕೊಟ್ಟಿರಬೇಕು, ವೀಸಾ ಮಾತ್ರ ಆಮೇಲೆ ಬರುತ್ತದೆ. ವೀಸಾ ನಿರಾಕರಣೆಯಾದರೆ ಮುಂಗಡ ವಾಪಸ್ ಎಂಬ ಸಾಲು ಸೇರಿಸಲು ಕೇಳಿ. ಒಪ್ಪದಿದ್ದರೆ ರದ್ದತಿ ವಿಮೆ ಮಾಡಿಸಿ, ಅದರಲ್ಲಿ ವೀಸಾ ನಿರಾಕರಣೆ ಸೇರಿದೆಯೇ ಎಂದು ಓದಿ. ಬರುವ ಎಲ್ಲರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬಾಡಿಗೆ ಪತ್ರದಲ್ಲಿರಲಿ.

ಹೆಸರಾದ ಎಸ್ಟೇಟುಗಳ ಫೋಟೊ ಕದ್ದು ನಕಲಿ ಜಾಹೀರಾತು ಹಾಕುವವರೂ ಇದ್ದಾರೆ. ಬಾಡಿಗೆ ಮನೆಗಳಿಗೆ ಇಟಲಿಯಲ್ಲಿ ಈಗ ಸಿಐಎನ್ ಎಂಬ ರಾಷ್ಟ್ರೀಯ ಸಂಖ್ಯೆ ಕಡ್ಡಾಯ, ಜಾಹೀರಾತಿನಲ್ಲಿ ಅದು ಕಾಣಲೇಬೇಕು. ಇಲ್ಲದಿದ್ದರೆ ದುಡ್ಡು ಕಳಿಸಬೇಡಿ. ತಲುಪಿದ ಮೇಲೆ ಪಾಸ್‌ಪೋರ್ಟ್ ಕೇಳಿದರೆ ಮುಖ ಸಿಂಡರಿಸಬೇಕಾಗಿಲ್ಲ, ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಆನ್‌ಲೈನ್‌ನಲ್ಲಿ ಕೊಡುವುದು ಮಾಲೀಕರ ಹೊಣೆ.

ಕಾರಿಲ್ಲದೆ ಇಲ್ಲಿ ಆಗುವುದಿಲ್ಲ. ರೈಲಿಗೆ ಕಿಯೂಸಿ-ಕಿಯಾಂಚಾನೊ ತೆರ್ಮೆ ನಿಲ್ದಾಣ, ಹೆದ್ದಾರಿಗೆ ಎ1ರಲ್ಲಿ ಅದೇ ಹೆಸರಿನ ನಿರ್ಗಮನ. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು, ಅದನ್ನು ಆರ್‌ಟಿಒದಲ್ಲಿ ಹೊರಡುವ ಮೊದಲೇ ಮಾಡಿಸಬೇಕು. ಆಟೊಮ್ಯಾಟಿಕ್ ಬೇಕಾದರೆ ಬೇಗ ಹೇಳಿ, ಕೊನೆಗಳಿಗೆಯಲ್ಲಿ ಸಿಗುವುದು ಗೇರಿನದೇ. ಟೋಲ್‌ನಲ್ಲಿ ಹಳದಿ ಟೆಲೆಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಲೇನಿಗೆ ನುಗ್ಗಬೇಡಿ. ಜಲ್ಲಿ ಹಾಸಿದ ಬಿಳಿ ಮಣ್ಣುರಸ್ತೆಗಳಲ್ಲಿ ಟೈರಿಗೂ ಗಾಜಿಗೂ ಪೆಟ್ಟು ಬೀಳುವುದು ಮಾಮೂಲು, ಕಾರು ಬಾಡಿಗೆಯ ಸಾಧಾರಣ ವಿಮೆ ಅವೆರಡನ್ನೂ ಹೆಚ್ಚಾಗಿ ಹೊರಗಿಡುತ್ತದೆ. ಕತ್ತಲಾದ ಮೇಲೆ ಮೊದಲ ಸಲ ಮನೆ ಹುಡುಕುತ್ತ ಬರುವುದು ಬೇಡ, ಸಂಜೆಗೆ ಮುಂಚೆ ತಲುಪುವಂತೆ ಹೊರಡಿ.

ಊಟಕ್ಕೆ ಎಸ್ಟೇಟಿನಲ್ಲೇ ದೊಪೊಲವೊರೊ ಇದೆ. 1939ರಲ್ಲಿ ಕೆಲಸಗಾರರು ಸಂಜೆ ಸೇರಲೆಂದು ಕಟ್ಟಿದ ಮನೆ, ಈಗ ರೆಸ್ಟೊರೆಂಟ್. ಸಸ್ಯಾಹಾರಿಗಳಿಗೆ ಈ ಸೀಮೆ ಸಲೀಸು: ಪಿಚಿ ಎಂಬ ದಪ್ಪ ಶ್ಯಾವಿಗೆಯಂಥದ್ದನ್ನು ಹಿಟ್ಟು ನೀರಿನಲ್ಲೇ ಹೊಸೆಯುತ್ತಾರೆ, ಮೇಲೆ ಅಲ್ಯೋನೆ ಎಂಬ ದೊಡ್ಡ ಬೆಳ್ಳುಳ್ಳಿಯ ಟೊಮೆಟೊ ಗೊಜ್ಜು. ಮೊಟ್ಟೆ ಬೇಡವಾದವರು ಹಾಕಿಲ್ಲವೆಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಪಿಯೆಂಜಾ ಊರಿನ ಪೆಕೊರಿನೊ ಚೀಸ್ ರುಚಿಯೇನೋ ಹೌದು, ಆದರೆ ಹಾಲು ಒಡೆಯಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದೇ ಅಲ್ಲಿ ರೂಢಿ. ಬ್ರೆಡ್ಡಿಗೆ ಉಪ್ಪಿರುವುದಿಲ್ಲ, ಅದು ಅಡುಗೆಯವನ ಮರೆವಲ್ಲ. ಮನೆಯಿಂದ ಸಾರಿನಪುಡಿ, ಚಟ್ನಿಪುಡಿ ಒಯ್ಯಿರಿ, ತುಪ್ಪದ ಡಬ್ಬಿ ಬೇಡ: ಹಾಲಿನ ಪದಾರ್ಥ ಹೊರದೇಶದಿಂದ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ.

ಖಾಲಿ ಮಾಡುವ ಬೆಳಿಗ್ಗೆ ಕಸವನ್ನು ಹಸಿ, ಕಾಗದ, ಪ್ಲಾಸ್ಟಿಕ್, ಗಾಜು ಎಂದು ಬೇರೆ ಮಾಡಿ ಆಯಾ ಡಬ್ಬಕ್ಕೆ ಹಾಕಿ, ಹೀಟಿಂಗ್ ಬಳಸಿದ್ದರೆ ಮೀಟರಿನ ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ. ಠೇವಣಿಯಿಂದ ಎಷ್ಟು ಹಿಡಿದರು ಎಂದು ಆಮೇಲೆ ಕೇಳಲು ಅದೇ ಆಧಾರ.